ಸಹಾಯ ಬೇಕು: ಲೆಫ್ಟ್ 4 ಡೆಡ್ 2 ವರ್ಸಸ್‌ನಲ್ಲಿ ಜೋಂಬಿ ಕಡೆ ಆಡುವುದು ಹೇಗೆ?

ಮಾರಾಯ್ರೆ, ಇಲ್ಲಿ ಈ ವಿಡಿಯೋ ಗೇಮ್‌ನ ವರ್ಸಸ್ (ಒಂದು ತಂಡ ಮನುಷ್ಯರು, ಇನ್ನೊಂದು ಜೋಂಬಿಗಳು) ಆಡುವವರು ಯಾರಾದರೂ ಇದ್ದೀರಾ? ನಾವು ಕದ್ರಿ, ಸುರತ್ಕಲ್ ಕಡೆಯ ನಾಲ್ವರು ರಾತ್ರಿ ಒಟ್ಟಿಗೆ ಆಡುತ್ತೇವೆ. ಮನುಷ್ಯರ ಕಡೆ ಇದ್ದಾಗ ತೊಂದರೆ ಇಲ್ಲ, ಜೋಂಬಿ ಕಡೆ ಬಂದರೆ ಒಬ್ಬೊಬ್ಬರೇ ನುಗ್ಗಿ ಸಾಯುವುದು. ಬೂಮರ್ ಎಂಬ ಜೋಂಬಿ ಮೊದಲು ಮನುಷ್ಯರ ಮೇಲೆ ವಾಂತಿ ಮಾಡಿ, ಸಾಮಾನ್ಯ ಜೋಂಬಿಗಳ ಹಿಂಡು ಮುತ್ತಿ ಅವರಿಗೆ ಕಣ್ಣು ಕಾಣದಿರುವಾಗಲೇ ಹಂಟರ್, ಸ್ಮೋಕರ್ ಎಂಬ ಜೋಂಬಿಗಳು ಅವರ ಮೇಲೆ ಬೀಳಬೇಕು ಅಂತ ಗೊತ್ತು, ಆದರೆ ಬೂಮರ್‌ಗೆ ಇರುವುದೇ 50 ಹೆಲ್ತ್, ಹತ್ತಿರ ಹೋಗುವ ಮೊದಲೇ ಒಡೆದು ಹೋಗುತ್ತದೆ. ಎಲ್ಲಿ ಅಡಗಬೇಕು, ಮಾಡಿನ ಮೇಲಾ, ಬಾಗಿಲ ಹಿಂದೆಯಾ? ಚಾರ್ಜರ್ ಜೋಂಬಿ ಒಬ್ಬನನ್ನು ಹೊತ್ತೊಯ್ದು ಕುಟ್ಟುವಾಗ ಆಸಿಡ್ ಉಗುಳುವ ಸ್ಪಿಟ್ಟರ್ ಅಲ್ಲೇ ಉಗುಳಬೇಕಾ, ಬಿಡಿಸಲು ಬರುವವರ ದಾರಿಗಾ? ದೈತ್ಯ ಜೋಂಬಿ ಟ್ಯಾಂಕ್ ಬಂದಾಗ ಉಳಿದವರು ಕಾಯಬೇಕಾ? ಇದರಲ್ಲೇ ನಮಗೆ ಜಾಸ್ತಿ ಜಗಳ. ಸುಮ್ನೆ "ಪ್ರಾಕ್ಟೀಸ್ ಮಾಡಿ" ಅನ್ನಬೇಡಿ, ಅದು ನಮಗೂ ಗೊತ್ತು.