ವೃತ್ತದ ಪಾಠಕ್ಕೆ ಯಾವ ಚಟುವಟಿಕೆ ಮಾಡಿಸಬಹುದು?

ಪ್ರಶ್ನೆ (ಶಿಕ್ಷಕಿ, ವಿಜಯಪುರ):
ಪರಿಧಿಯ ಸೂತ್ರವನ್ನು ಮಕ್ಕಳು ಬಾಯಿಪಾಠ ಮಾಡುತ್ತಾರೆಯೇ ಹೊರತು ಅದು ಎಲ್ಲಿಂದ ಬಂತೆಂದು ಕೇಳುವುದಿಲ್ಲ. ಮಕ್ಕಳು ಕಿಕ್ಕಿರಿದ ಕೋಣೆಯಲ್ಲಿ ಚಟುವಟಿಕೆ ಸಾಧ್ಯವೇ?

ಉತ್ತರ (ಶಿಕ್ಷಕ, ಬಾಗಲಕೋಟೆ):
ಖಂಡಿತ ಸಾಧ್ಯ, ಮೇಡಂ. ಐದೈದು ಮಕ್ಕಳ ಗುಂಪು ಮಾಡಿ, ತಾಟು, ಬಳೆ, ಡಬ್ಬಿಗಳಿಗೆ ದಾರ ಸುತ್ತಿಸಿ, ಆ ದಾರದ ಉದ್ದವನ್ನು ವ್ಯಾಸದಿಂದ ಭಾಗಿಸಲು ಹೇಳಿರಿ. ವಸ್ತು ಯಾವುದಾದರೂ ಉತ್ತರ 3.14ರ ಆಸುಪಾಸಿನಲ್ಲೇ ಬರುವುದನ್ನು ಕಂಡಾಗ ಪ್ರಶ್ನೆಗಳು ಮಕ್ಕಳಿಂದಲೇ ಹುಟ್ಟುತ್ತವೆ. ಯಾವುದಾದರೂ ಗುಂಪಿಗೆ 2.8 ಬಂದರೆ ದಯವಿಟ್ಟು ನೀವೇ ತಿದ್ದಬೇಡಿ. ಅಳತೆ ಎಲ್ಲಿ ತಪ್ಪಿತೆಂದು ಹುಡುಕುವ ಆ ಹೊತ್ತೇ ಪಾಠದ ಅತ್ಯಂತ ಬೆಲೆಯುಳ್ಳ ಭಾಗವೆಂದು ನಾನು ನಂಬಿದ್ದೇನೆ.

ಉತ್ತರ (ಶಿಕ್ಷಕಿ, ಬೆಳಗಾವಿ):
ದಾರ ಹಿಗ್ಗುವುದರಿಂದ ಕಾಗದದ ಪಟ್ಟಿ ಲೇಸು. ಬಳಿಕ, ಸುಮಾರು 44 ಮೀಟರ್ ಹೊರವ್ಯಾಸವಿರುವ ನಿಮ್ಮೂರಿನ ಗೋಳಗುಮ್ಮಟದ ಗುಮ್ಮಟವನ್ನು ಸುತ್ತಲು ಎಷ್ಟು ಉದ್ದದ ಹಗ್ಗ ಬೇಕೆಂದು ಲೆಕ್ಕ ಹಾಕಿಸಿರಿ; 138 ಮೀಟರ್ ಎಂಬ ಉತ್ತರವನ್ನು ಶಾಲೆಯ ಅಂಗಳದಲ್ಲಿ ಹೆಜ್ಜೆ ಹಾಕಿ ಅಳೆಯಲಿ.