24 ಗಂಟೆಯಲ್ಲಿ 100 ಮೈಲಿ ನಡೆದರೆ ನಂಬರ್ ಕೊಡ್ತಾರಂತೆ, ನಿಜವಾ?

ಪ್ರಶ್ನೆ: ನಮಸ್ಕಾರ ಮೇಡಂ. ನಾನು ಹಾಸನದ ಕಡೆಯವನು, ಈಗ ಇಂಗ್ಲೆಂಡಿನಲ್ಲಿ ಕೆಲಸ, ವಯಸ್ಸು 44. ಊರಲ್ಲಿದ್ದಾಗ ಶಿವರಾತ್ರಿಗೆ ನಾಲ್ಕು ಸಲ ಧರ್ಮಸ್ಥಳಕ್ಕೆ ನಡೆದುಕೊಂಡೇ ಹೋಗಿದ್ದೇನೆ, ಹಾಗಾಗಿ ದೂರದ ನಡಿಗೆ ಹೊಸದಲ್ಲ. ಇಲ್ಲಿ ಪಾರ್ಕಿನಲ್ಲಿ ಒಬ್ಬ ಅಜ್ಜ ಸಿಗುತ್ತಾರೆ. ಅವರ ಜಾಕೆಟ್ ಮೇಲೆ 'ಸಿ' ಅಕ್ಷರ, ಪಕ್ಕದಲ್ಲಿ ಒಂದು ನಂಬರ್. ಕೇಳಿದರೆ 'ನಾನು ಸೆಂಚುರಿಯನ್' ಅಂದರು, ಅಂದರೆ 24 ಗಂಟೆಯೊಳಗೆ 100 ಮೈಲಿ ನಡೆದು ಮುಗಿಸಿದವರಂತೆ, ಆ ನಂಬರ್ ಅದಕ್ಕೇ ಕೊಟ್ಟಿದ್ದಂತೆ. ಹೋದ ತಿಂಗಳು ನಾನೂ ಕಾಲುವೆ ದಂಡೆ ಮೇಲೆ ಒಬ್ಬನೇ 70 ಕಿ.ಮೀ. ನಡೆದೆ, ವಾಚಿನಲ್ಲಿ ರೆಕಾರ್ಡ್ ಇದೆ. ಹೀಗೇ 100 ಮೈಲಿ ನಡೆದು ವಾಚ್ ತೋರಿಸಿದರೆ ನನಗೂ ನಂಬರ್ ಕೊಡ್ತಾರಾ?

ಕೋಚ್: ಕೊಡಲ್ಲ. ವಾಚ್ ನಿಮಗೆ ಮಾತ್ರ ಸಾಕ್ಷಿ. ಸೆಂಚುರಿಯನ್ ಆಗಬೇಕಾದರೆ ಮೊದಲೇ ಗೊತ್ತು ಮಾಡಿದ ರೇಸಿನಲ್ಲಿ, ಅಳತೆ ಮಾಡಿದ ದಾರಿಯಲ್ಲಿ, ಸುತ್ತು ಎಣಿಸುವವರ ಮತ್ತು ಜಡ್ಜ್‌ಗಳ ಕಣ್ಣೆದುರು ನಡೆಯಬೇಕು. 1877ರಲ್ಲಿ ಫೌಲರ್ ಡಿಕ್ಸನ್ ಅನ್ನುವವರು 21 ಗಂಟೆಯೊಳಗೆ 100 ಮೈಲಿ ನಡೆದರು, 1911ರಲ್ಲಿ ಸೆಂಚುರಿಯನ್‌ಗಳ ಸಂಘ ಕಟ್ಟಿದಾಗ ಸಿ 1 ಅವರದೇ ಆಯಿತು. ಇಷ್ಟು ವರ್ಷವಾದರೂ ಎಣಿಕೆ ಸಾವಿರ ಚಿಲ್ಲರೆಯಲ್ಲೇ ಇದೆ. ಒಬ್ಬರಿಗೆ ಒಂದೇ ನಂಬರ್, ಹತ್ತು ಸಲ ಮುಗಿಸಿದರೂ ಅದೇ. 99 ಮೈಲಿಗೆ ನಿಂತರೆ ದೂರ ಬರೆದುಕೊಳ್ಳುತ್ತಾರೆ, ನಂಬರ್ ಇಲ್ಲ. ಅದೇ ಇದರ ಮಜಾ ಅಂತ ನನಗನ್ನಿಸುತ್ತದೆ.

ಇನ್ನು ಪಾದಯಾತ್ರೆ. ಅಲ್ಲಿ ಕಾಲು ಗಟ್ಟಿಯಾಗುತ್ತದೆ, ಸರಿ, ಆದರೆ ದಾರಿಯುದ್ದಕ್ಕೂ ಮಜ್ಜಿಗೆ, ಪಾನಕ ಕೊಡುವವರಿರುತ್ತಾರೆ, ರಾತ್ರಿ ಮಲಗುತ್ತೀರಿ, ಗಡಿಯಾರ ಯಾರೂ ನೋಡಲ್ಲ. ಇಲ್ಲಿ ನೀವು ಕೂತರೂ ಗಡಿಯಾರ ಓಡುತ್ತಲೇ ಇರುತ್ತದೆ. ಲೆಕ್ಕ ನೋಡಿ: 100 ಮೈಲಿ ಅಂದರೆ ಸುಮಾರು 161 ಕಿ.ಮೀ. ಒಂದು ಸಲವೂ ನಿಲ್ಲದಿದ್ದರೆ ಕಿಲೋಮೀಟರಿಗೆ 8 ನಿಮಿಷ 57 ಸೆಕೆಂಡು. ಗಂಟೆಗೆ 7 ಕಿ.ಮೀ. ನಡೆದರೆ ಟಾಯ್ಲೆಟ್, ಸಾಕ್ಸ್ ಬದಲಾವಣೆ, ಬೊಬ್ಬೆಗೆ ಪಟ್ಟಿ, ಎಲ್ಲಾ ಸೇರಿ ಉಳಿಯುವುದು ಒಂದೇ ಗಂಟೆ. ಗಂಟೆಗೆ 6 ಅಂದರೆ ಸುಮಾರು 27 ತಾಸು, ಕಥೆ ಮುಗಿಯಿತು. ನಾನು ನೋಡಿದವರಲ್ಲಿ ನಿಧಾನಕ್ಕಿಂತ ಕುರ್ಚಿಯಿಂದ ಸೋತವರೇ ಜಾಸ್ತಿ.

ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ಸೊಂಟ ತಿರುಗಿಸುತ್ತಾ ನಡೀತಾರಲ್ಲ, ಹಾಗೇ ನಡೀಬೇಕಾ?

ಕೋಚ್: ಅಷ್ಟು ಬಿಗಿ ಇಲ್ಲ. ಅಲ್ಲಿ ನಿಯಮ ಎರಡು: ಒಂದು ಕಾಲಾದರೂ ನೆಲದ ಮೇಲೆ ಕಾಣಬೇಕು, ಮುಂದಿಟ್ಟ ಕಾಲಿನ ಮಂಡಿ ನೆಟ್ಟಗಿರಬೇಕು. ಬ್ರಿಟನ್ನಿನ ಇಂಥ ಉದ್ದದ ನಡಿಗೆಗಳಲ್ಲಿ ಮಂಡಿಯ ವಿಚಾರ ಸಡಿಲ. ಓಡುವ ಹಾಗೆ ಮಾತ್ರ ಇಲ್ಲ, ಇಳಿಜಾರಿನಲ್ಲಿ ನಾಲ್ಕು ಹೆಜ್ಜೆಯೂ ಇಲ್ಲ.

ಇನ್ನೊಬ್ಬರು: ಬೆಂಗಳೂರಿನಲ್ಲಿ 24 ಗಂಟೆ ಸ್ಟೇಡಿಯಂ ಓಟ ನಡೆಯುತ್ತಲ್ಲ ಮೇಡಂ, ಅದರಲ್ಲಿ ಪೂರ್ತಿ ನಡೆದೇ ಮುಗಿಸಿದರೆ? ಹೆಂಗಸರಿಗೆ ಸಮಯ ಬೇರೆ ಇದೆಯಾ?

ಕೋಚ್: ಅಲ್ಲಿ ನಡಿಗೆ ಜಡ್ಜ್ ಇರಲ್ಲ, ಹಾಗಾಗಿ ನೀವು ಓಡಲಿಲ್ಲ ಅಂತ ಹೇಳುವವರೂ ಇರಲ್ಲ. ದೂರದ ಸರ್ಟಿಫಿಕೇಟ್ ಬರಬಹುದು, ಸೆಂಚುರಿಯನ್ ನಂಬರ್ ಬರಲ್ಲ. ಅಭ್ಯಾಸಕ್ಕೆ ಮಾತ್ರ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಹೆಂಗಸರಿಗೂ ಅದೇ 24 ಗಂಟೆ ಅಕ್ಕ. ಬ್ರಿಟನ್ನಿನಲ್ಲಿ 1977ರಲ್ಲಿ ಆನ್ ಸೇಯರ್ ಅನ್ನುವ ಹೆಣ್ಣುಮಗಳು ಮುಗಿಸಿ ತೋರಿಸಿದರು. ನೆದರ್ಲೆಂಡ್ಸ್, ಆಸ್ಟ್ರೇಲಿಯಾ, ಅಮೆರಿಕದಲ್ಲೂ ಇಂಥ ಸಂಘಗಳಿವೆ. ಅವರವರ ನೆಲದಲ್ಲಿ ನಡೆದರೆ ಅವರವರ ನಂಬರ್.

ಪ್ರಶ್ನೆ: ಊಟ, ನೋವಿನ ಮಾತ್ರೆ?

ಕೋಚ್: ಐಬುಪ್ರೊಫೆನ್ ಮುಟ್ಟಬೇಡಿ, ಮೈಯಲ್ಲಿ ನೀರು ಕಡಿಮೆಯಾದಾಗ ಅದು ಕಿಡ್ನಿಗೆ ಕೆಟ್ಟದ್ದು. ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೂ ರಕ್ತದಲ್ಲಿ ಉಪ್ಪಿನಂಶ ಇಳಿದು ಅಪಾಯವಾಗುತ್ತದೆ. ಬೇಯಿಸಿ ಉಪ್ಪು ಹಾಕಿದ ಆಲೂಗಡ್ಡೆ, ಬಾಳೆಹಣ್ಣು, ನೀವಾದರೆ ಚಿತ್ರಾನ್ನವೇ ತನ್ನಿ, ಖಾರ ಕಡಿಮೆ ಇರಲಿ. ನಡೆಯುತ್ತಲೇ ತಿನ್ನಿ. ಶೂ ಅರ್ಧ ಸೈಜ್ ದೊಡ್ಡದಿರಲಿ, ಪಾದ ಊದುತ್ತದೆ. ರಾತ್ರಿ ಎರಡರಿಂದ ಬೆಳಗಿನ ಜಾವದವರೆಗೆ ಬಿಟ್ಟುಬಿಡೋಣ ಅನ್ನಿಸುತ್ತದೆ. ಆಗ ತೀರ್ಮಾನ ಮಾಡಬೇಡಿ, ಬೆಳಕಾಗಲಿ.

ಪ್ರಶ್ನೆ: ರೇಸಿನ ದಿನ ದಾರಿ ಪಕ್ಕ ನೀರಿನ ಬಾಟಲಿ ಹಿಡಿದು ನಿಲ್ಲೋಕೆ ಹೆಂಡತಿಯನ್ನು ಕೇಳಿದೆ. 'ರಾತ್ರಿಯೆಲ್ಲಾ ನಿಂತು ಕಾಯೋಕೆ ನನಗೇನು ನಂಬರ್ ಕೊಡ್ತಾರೆ?' ಅಂದಳು.

ಕೋಚ್: ನ್ಯಾಯವಾಗಿಯೇ ಕೇಳಿದ್ದಾರೆ. ಒಬ್ಬರ ಮೇಲೆ ಹಾಕಬೇಡಿ, ಇಬ್ಬರು ಬೇಕು, ಪಾಳಿ ಮೇಲೆ. ಆ ಪಾರ್ಕಿನ ಅಜ್ಜನನ್ನು ಕೇಳಿ ನೋಡಿ, ಒಂದು ಪಾಳಿ ಬಂದರೂ ಬಂದಾರು.