ಮಣ್ಣು ಒದ್ದೆ ಇದ್ದರೂ ಪೀಸ್ ಲಿಲಿ ಜೋತು ಬಿದ್ದಿದೆ, ಸಹಾಯ ಬೇಕು

ಮನೆಯೊಳಗಿನ ಪೀಸ್ ಲಿಲಿ ಗಿಡ ಮೂರು ವಾರದಿಂದ ಜೋತು ಬಿದ್ದಿದೆ. ನೀರು ಸಾಲುತ್ತಿಲ್ಲ ಅಂದುಕೊಂಡು ಸುಮ್ನೆ ದಿನಾ ಹಾಕುತ್ತಾ ಹೋದೆ. ತಪ್ಪು ನನ್ನದೇ. ಕೆಳಗಿನ ಎಲೆಗಳು ಹಳದಿಯಾದವು, ಮಣ್ಣಿನಿಂದ ಕೊಳೆತ ವಾಸನೆ ಬಂತು. ಕಿತ್ತು ನೋಡಿದರೆ ಅರ್ಧ ಬೇರು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಅದನ್ನೆಲ್ಲ ಕತ್ತರಿಸಿ, ಬಿಳಿ ಬೇರು ಮಾತ್ರ ಉಳಿಸಿ, ತಳದಲ್ಲಿ ತೂತಿರುವ ಚಿಕ್ಕ ಕುಂಡದಲ್ಲಿ ಹೊಸ ಮಣ್ಣು, ಪರ್ಲೈಟ್ (ನೀರು ಬೇಗ ಬಸಿಯಲು ಮಣ್ಣಿಗೆ ಬೆರೆಸುವ ಹಗುರವಾದ ಬಿಳಿ ಹರಳು) ಹಾಕಿ ನೆಟ್ಟೆ. ನೇರ ಬಿಸಿಲು ಬೀಳದ ಕಡೆ ಇಟ್ಟಿದ್ದೇನೆ. ಗೊಬ್ಬರ ಹಾಕಿಲ್ಲ.

ಹತ್ತು ದಿನವಾಯಿತು. ನಡುವೆ ಒಂದು ಚಿಗುರು ಕಾಣುತ್ತಿದೆ (ಅದೊಂದೇ ಸಮಾಧಾನ), ಆದರೆ ಹಳೆಯ ಎಲೆಗಳು ಮೇಲೆದ್ದೇ ಇಲ್ಲ. ಬೆರಳಿಟ್ಟು ನೋಡಿದರೆ ಮೇಲಿನ ಒಂದು ಇಂಚು ಒಣಗಿದೆ, ಒಳಗೆ ತೇವ ಇದೆ. ಈಗ ನೀರು ಹಾಕಬೇಕಾ, ಇನ್ನೂ ಕಾಯಬೇಕಾ? ಜೋತುಬಿದ್ದ ಹಸಿರು ಎಲೆಗಳನ್ನು ಕತ್ತರಿಸಲಾ, ಹಾಗೇ ಬಿಡಲಾ?